ಏಳು ಹತ್ತರ ಪಟ್ಟಿ

ಲಕ್ಷ್ಮಿದೇವಿ ಕಗ್ಗದಾಸಪುರದ ಒಂದು ಗೇಟಿನ ಮುಂದೆ ಬೆಳಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ ನಿಂತಿದ್ದಳು. ಮನೆಗೆ ಬೀಗ ಹಾಕಿತ್ತು. ಹತ್ತು ಗಂಟೆಗೆ ನನಗೆ ಫೋನ್ ಮಾಡಿ, "ಮೇಡಂ, ಇಲ್ಲಿ ಯಾರೂ ಇಲ್ಲ, ಏನ್ ಮಾಡ್ಲಿ?" ಎಂದು ಕೇಳಿದಳು. ನಾನು ಗೋಡೆಯ ಮೇಲಿನ ಪಟ್ಟಿ ನೋಡಿದೆ. ಅವಳ ಹೆಸರಿನ ಪಕ್ಕ 'ಬೆಳಗ್ಗೆ' ಎಂಬ ಕಾಲಮ್ಮಿನಲ್ಲಿ ಆ ಮನೆಯ ವಿಳಾಸ ನೀಟಾಗಿ ಕೂತಿತ್ತು. "ಬರ್ತಾರೆ, ಅಲ್ಲೇ ಇರು" ಎಂದೆ. ಮನೆಯವರು ಬಂದದ್ದು ಎರಡು ಗಂಟೆಗೆ. ಅವರು ಕೇಳಿದ್ದೇ ಮಧ್ಯಾಹ್ನದ ಪಾಳಿ.

ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ತಪ್ಪಿನಲ್ಲಿ ನನ್ನದೂ ಪಾಲಿದೆ ಎಂದು ಗೊತ್ತಾದರೆ ಇನ್ನೂ ಮುಂದಕ್ಕೆ ಬರುತ್ತದೆ. ತಕ್ಷಣ ವಿಮಾನಪುರದ ನಮ್ಮ ಹೆಡ್ ಆಫೀಸಿಗೆ ಫೋನ್ ಹಚ್ಚಿದೆ.

ನಮ್ಮದು ವಯಸ್ಸಾದವರನ್ನು, ಕಾಯಿಲೆಯವರನ್ನು ನೋಡಿಕೊಳ್ಳಲು ಮನೆಮನೆಗೆ ಹೆಂಗಸರನ್ನು ಕಳಿಸುವ ಏಜೆನ್ಸಿ. ಹಲಸೂರಿನ ಬ್ರಾಂಚ್ ನನ್ನದು. ಯಾರು ಯಾವ ಹೊತ್ತಿಗೆ ಯಾರ ಮನೆಗೆ ಹೋಗಬೇಕು ಎಂಬುದು ವಿಮಾನಪುರದ ಸರ್ವರಿನಲ್ಲಿರುತ್ತದೆ. ಅಲ್ಲಿಂದ ದಿನಾ ಬೆಳಗ್ಗೆ ಪಟ್ಟಿ ಬರುತ್ತದೆ, ನಾನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸುತ್ತೇನೆ. ಮೊಬೈಲಿನಲ್ಲಿ ಆ್ಯಪ್ ಇದೆ, ಆದರೆ ಅದು ಇಂಗ್ಲಿಷ್. ನನ್ನ ಮೂವತ್ತೆಂಟು ಹೆಂಗಸರಿಗೆ ಬೇಕಾದದ್ದು ಕಾಗದ, ಕನ್ನಡ, ದಪ್ಪ ಅಕ್ಷರ.

"ಯಾರ್ರೀ ಈ ಲಿಸ್ಟ್ ಮಾಡೋದು?"

"ನಾನೇ ಮೇಡಂ. ಈರೇಶ ಅಂತ."

ನಾನು ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ಆ ಕಡೆ ಕೀಬೋರ್ಡಿನ ಟಕಟಕ ಕೇಳಿಸಿತು, ಆಮೇಲೆ ನಿಂತಿತು.

"ತಪ್ಪು ನಂದು ಮೇಡಂ. ಅವರಿಗೆ ಬೆಳಗ್ಗೆ ಡ್ಯೂಟಿ ಇರ್ಲಿಲ್ಲ, ಆ ಜಾಗ ಖಾಲಿ ಇತ್ತು. ಖಾಲಿ ಅಂತ ನಾನು ಗುರುತು ಹಾಕಿರ್ಲಿಲ್ಲ. ಹಾಕದಿದ್ರೆ ಸಾಲು ಜೋಡಿಸೋವಾಗ ಪಕ್ಕದ್ದು ಬಂದು ಆ ಜಾಗದಲ್ಲಿ ಕೂತ್ಬಿಡುತ್ತೆ."

ಸಿಸ್ಟಂ ಪ್ರಾಬ್ಲಂ ಎನ್ನುತ್ತಾನೆ ಎಂದು ಕಾದಿದ್ದೆ. ಅದಕ್ಕೆಂದೇ ಒಂದು ದೊಡ್ಡ ಬೈಗುಳ ತಯಾರು ಮಾಡಿಟ್ಟುಕೊಂಡಿದ್ದೆ.

"ಲಕ್ಷ್ಮಿದೇವಿಯವರ ನಂಬರ್ ಕೊಡ್ತೀರಾ? ಆರು ಗಂಟೆ ನಿಂತಿದ್ದಾರೆ. ಸಾರಿ ನಾನೇ ಹೇಳ್ಬೇಕು."

ನಂಬರ್ ಕೊಟ್ಟೆ. ಬೈಗುಳ ಬಾಯಲ್ಲೇ ಉಳಿಯಿತು. ಇದು ಎರಡು ವರ್ಷದ ಹಿಂದಿನ ಮಾತು.

ಮಾರನೇ ದಿನದ ಪಟ್ಟಿಯಲ್ಲಿ ಖಾಲಿ ಇದ್ದ ಜಾಗಕ್ಕೆಲ್ಲ ಒಂದೊಂದು ಸಣ್ಣ ಅಡ್ಡಗೆರೆ ಬಂದಿತ್ತು. ಏಳು ಹತ್ತಕ್ಕೆ ಸರಿಯಾಗಿ ಫೋನ್ ಬಂತು. "ಬಂತಾ ಮೇಡಂ? ಸರಿ ಇದೆಯಾ?"

"ಬಂತು. ಸರಿ ಇದೆ."

ಅವತ್ತಿನಿಂದ ದಿನವೂ ಏಳು ಹತ್ತು. ಮೊದಲ ತಿಂಗಳು ಅಷ್ಟೇ ಮಾತು. ಎರಡನೇ ತಿಂಗಳು "ತಿಂಡಿ ಆಯ್ತಾ?" ಸೇರಿತು. ಅವನ ಧ್ವನಿಯಲ್ಲಿ ಅವಸರ ಇರುತ್ತಿರಲಿಲ್ಲ. ಮಾತು ಮುಗಿದ ಮೇಲೂ ಒಂದು ಕ್ಷಣ ಲೈನಿನಲ್ಲಿ ಇರುತ್ತಿದ್ದ, ಇನ್ನೇನಾದರೂ ಹೇಳುತ್ತೇನಾ ಎಂದು. ಎದುರಿಗೆ ಇವತ್ತಿಗೂ ನಾನು ಅವನಿಗೆ ನೀವು ಎನ್ನುತ್ತೇನೆ. ಮನಸ್ಸಿನೊಳಗೆ ಮಾತ್ರ ಯಾವಾಗಲೋ ಅವನಾಗಿಬಿಟ್ಟಿದ್ದ, ಹಾಗೇ ಬರೆಯುತ್ತೇನೆ.

ಆ ಒಂದು ಕ್ಷಣವನ್ನು ಎರಡು ನಿಮಿಷ ಮಾಡಲು ನಾನು ಕಂಡುಕೊಂಡ ದಾರಿ ದೂರು ಹೇಳುವುದು. ಅಕ್ಷರ ಚಿಕ್ಕದಾಯಿತು ಎಂದೆ, ದೊಡ್ಡದಾಯಿತು. ಹೆಸರು ಅಕಾರಾದಿಯಾಗಿ ಇರಲಿ ಎಂದೆ, ಬಂತು. ದೂರು ಮುಗಿದು ಹೋದ ಮೇಲೆ, "ಎರಡನೇ ಪುಟ ಸ್ವಲ್ಪ ವಾಲಿದೆ ನೋಡ್ರಿ" ಎಂದು ಸುಳ್ಳು ಹೇಳಲು ಶುರು ಮಾಡಿದೆ. ವಾರಕ್ಕೊಮ್ಮೆಯಾದರೂ ಆ ಪುಟ ವಾಲುತ್ತಿತ್ತು. ಅವನು ಪಾಪ, "ಹೌದಾ ಮೇಡಂ, ಒಂದ್ನಿಮಿಷ" ಎಂದು ಟಕಟಕ ಮಾಡಿ, "ಈಗ ನೋಡಿ" ಎನ್ನುತ್ತಿದ್ದ. ನಾನು ಅದೇ ಪುಟವನ್ನು ನೋಡಿ "ಹ್ಞಾ, ಈಗ ಸರಿಯಾಯ್ತು" ಎನ್ನುತ್ತಿದ್ದೆ.

ಅವನು ಇದ್ದದ್ದು ಬೈಯಪ್ಪನಹಳ್ಳಿಯಲ್ಲಿ, ಬಾಡಿಗೆ ರೂಮಿನಲ್ಲಿ, ಅಮ್ಮನ ಜೊತೆ. ನಮ್ಮ ಮನೆ ಕಗ್ಗದಾಸಪುರ. ದಿನಾ ಮೆಟ್ರೊ ಹತ್ತಲು ನಾನು ಬೈಯಪ್ಪನಹಳ್ಳಿಗೇ ಹೋಗುತ್ತಿದ್ದೆ. ಪ್ಲಾಟ್‌ಫಾರಂನಲ್ಲಿ ಯಾವ ಗಂಡಸು ಫೋನಿನಲ್ಲಿ ಮೆಲ್ಲಗೆ ಮಾತಾಡಿದರೂ ತಿರುಗಿ ನೋಡುವ ಚಾಳಿ ಅಂಟಿಕೊಂಡಿತು. ಎರಡು ವರ್ಷ ಆ ಚಾಳಿ ಬಿಡಲಿಲ್ಲ, ಅವನೂ ಸಿಗಲಿಲ್ಲ.

ಈ ಸಲ ಯುಗಾದಿ ಮುಗಿದ ವಾರ ಎರಡು ಸುದ್ದಿ ಒಟ್ಟಿಗೆ ಬಂದವು. ಒಂದು ಮನೆಯಲ್ಲಿ. ಕೆ.ಆರ್. ಪುರದ ಮಧುಕರ್ ಎಂಬವರ ಮನೆಯವರು ಮುಂದಿನ ಭಾನುವಾರದ ಮುಂದಿನ ಭಾನುವಾರ ನನ್ನನ್ನು ನೋಡಲು ಬರುತ್ತಾರಂತೆ. ನಮ್ಮಜ್ಜಿ ಗೋವಿಂದಮ್ಮ ನನ್ನ ಮುಖವನ್ನೇ ನೋಡುತ್ತಾ, "ನಿನ್ ಮನ್ಸಲ್ಲಿ ಯಾರಾನ ಅವ್ರಾ? ಇದ್ರೆ ಈಗ್ಲೇ ಹೇಳ್ಬುಡು. ಬಂದು ಕೂತ್ಮೇಲೆ ಹೇಳ್ಬೇಡ" ಎಂದರು.

ಏನೆಂದು ಹೇಳಲಿ. ದಿನಾ ಬೆಳಗ್ಗೆ ಒಬ್ಬರು ಪಟ್ಟಿ ಬಂತಾ ಎಂದು ಕೇಳುತ್ತಾರೆ ಎಂದೇ? "ಯಾರೂ ಇಲ್ಲ ಅಜ್ಜಿ" ಎಂದೆ. ಹಾಗೆಂದ ಮೇಲೆ ಗುರುತು ಹಾಕದ ಖಾಲಿ ಜಾಗದ ಕಥೆ ನೆನಪಾಯಿತು.

ಇನ್ನೊಂದು ಸುದ್ದಿ ಮಾರನೇ ದಿನ ಏಳು ಹತ್ತಕ್ಕೆ. "ಮೇಡಂ, ನಂಗೆ ಕಲಬುರಗಿಯಲ್ಲಿ ಕೆಲಸ ಆಯ್ತು. ಆಸ್ಪತ್ರೆ ಒಂದರಲ್ಲಿ, ಪರ್ಮನೆಂಟು. ಇಲ್ಲಿ ನನ್ನ ಜಾಗಕ್ಕೆ ಯಾರನ್ನೂ ತಗೊಳ್ತಿಲ್ಲ. ಲಿಸ್ಟ್ ತೆಗೆಯೋದನ್ನ ನಿಮಗೇ ಕಲಿಸಿ ಹೋಗಿ ಅಂದಿದ್ದಾರೆ. ಸೋಮವಾರದಿಂದ ನಿಮ್ಮ ಬ್ರಾಂಚಿಗೆ ಬರ್ಲಾ?"

"ಬನ್ನಿ" ಎಂದೆ. ಕಂಗ್ರಾಟ್ಸ್ ಹೇಳುವುದು ಮರೆತೇ ಹೋಯಿತು.

ಸೋಮವಾರ ಆರೂವರೆಗೇ ಆಫೀಸು ತೆಗೆದಿದ್ದೆ. ಮೆಟ್ಟಿಲು ಹತ್ತಿ ಬಂದವನು ಧ್ವನಿಗಿಂತ ಎತ್ತರವಿದ್ದ. ಧ್ವನಿಗೆ ಎತ್ತರ ಎಲ್ಲಿಂದ ಬಂತು ಎಂದು ಕೇಳಬೇಡಿ, ನಾನು ಮನಸ್ಸಿನಲ್ಲಿ ಒಂದು ಅಳತೆ ಇಟ್ಟುಕೊಂಡಿದ್ದೆ. ಬಾಗಿಲಲ್ಲಿ ನಿಂತು ನನ್ನನ್ನು ನೋಡಿದ. ನೋಡಿ, ತಕ್ಷಣ ಗೋಡೆಯ ಪಟ್ಟಿಯ ಕಡೆ ತಿರುಗಿ, "ಇದಾ, ಇಲ್ಲಿ ಅಂಟಿಸೋದು" ಎಂದ. ಅವನ ಕಿವಿ ಕೆಂಪಾಗಿದ್ದನ್ನು ನಾನು ನೋಡಿದೆ. ನಾನು ನೋಡಿದ್ದನ್ನು ಅವನೂ ನೋಡಿದ.

ಒಂದೇ ಕಂಪ್ಯೂಟರ್, ಎರಡು ಕುರ್ಚಿ. ಅವನು ಕಪ್ಪು ಪರದೆಯೊಂದನ್ನು ತೆರೆದ. "ಇದಕ್ಕೆ ಮೌಸ್ ಬೇಡ ಮೇಡಂ. ಬರೆದು ಹೇಳಿದ್ರೆ ಸಾಕು." ಅವನು ಬರೆದ, ಡೇಟಾಬೇಸಿನಿಂದ ಸಾಲುಗಳು ದಬದಬ ಬಂದು ಬಿದ್ದವು. ಹೆಸರು, ನೆಟ್ಟಗೆ ನಿಂತ ಒಂದು ಕಡ್ಡಿ, ವಿಳಾಸ, ಕಡ್ಡಿ, ಮತ್ತೆ ಕಡ್ಡಿ. ಒಂದಕ್ಕೊಂದು ತಾಳಮೇಳ ಇಲ್ಲ.

"ಇದನ್ನ ಗೋಡೆಗೆ ಅಂಟಿಸಿದ್ರೆ ನಮ್ಮ ಹೆಂಗಸ್ರು ನನ್ನ ಒದೀತಾರೆ" ಎಂದೆ.

"ಅದಕ್ಕೇ ಇದನ್ನ ಒಬ್ಬರಿಂದ ಒಬ್ಬರಿಗೆ ದಾಟಿಸೋದು. ಮೊದಲನೆಯವರು ತಂದು ಹಾಕ್ತಾರೆ. ಎರಡನೆಯವರು ಖಾಲಿ ಜಾಗಕ್ಕೆ ಗೆರೆ ಎಳೀತಾರೆ. ಮೂರನೆಯವರು ಸಾಲು ಜೋಡಿಸ್ತಾರೆ. ಒಬ್ಬರು ಮಾಡಿದ್ದು ಇನ್ನೊಬ್ಬರ ಕೈಗೆ." ನಿಧಾನವಾಗಿ, ನನಗೆ ಕಾಣುವಂತೆ ಬರೆದ:

psql -At -f list.sql | sed 's/||/|-|/g' | sed 's/||/|-|/g' | column -t -s '|'

"ಮಧ್ಯದ್ದು ಎರಡು ಸಲ ಇದೆಯಲ್ಲ?"

"ಎರಡು ಖಾಲಿ ಜಾಗ ಪಕ್ಕ ಪಕ್ಕ ಇದ್ರೆ ಅದು ಒಂದಕ್ಕೆ ಗೆರೆ ಹಾಕಿ ಇನ್ನೊಂದನ್ನ ದಾಟಿ ಹೋಗ್ಬಿಡುತ್ತೆ. ಎರಡನೇ ಸಲ ಹೇಳಿದ್ರೆ ಕಾಣುತ್ತೆ."

"ನಿಮ್ಮ ಮಷೀನಿಗೆ ಎಲ್ಲ ಎರಡೆರಡು ಸಲ ಹೇಳ್ಬೇಕಾ?"

"ಕೆಲವರಿಗೆ ಎರಡು ವರ್ಷ ಹೇಳಿದ್ರೂ ಕಾಣಲ್ಲ ಮೇಡಂ." ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ. ತುಟಿಯ ಕೊನೆ ಮಾತ್ರ ಸ್ವಲ್ಪ ಮೇಲಕ್ಕೆ ಹೋಗಿ, ಅವಸರವಾಗಿ ಕೆಳಗೆ ಬಂತು. ಏನೆಂದಿರಿ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಎರಡನೇ ದಿನ ಕನ್ನಡದ ಗೋಳು ತೋರಿಸಿದ. ಇಂಗ್ಲಿಷ್ ಅಕ್ಷರಗಳನ್ನು ಒಂದೇ ಅಗಲಕ್ಕೆ ಹೊಂದಿಸಬಹುದು, ನಮ್ಮವು ಒಂದೊಂದೂ ಒಂದೊಂದು ಅಗಲ. ಪರದೆಯಲ್ಲಿ ಸಾಲು ಜೋಡಿಸಿದರೂ ಕಾಗದಕ್ಕೆ ಬರುವಾಗ ಅಂಕುಡೊಂಕು. ಅದಕ್ಕೆಂದು ಅವನು ಕೊನೆಯಲ್ಲಿ ಇನ್ನೊಂದು ಪುಟ್ಟ ಕೆಲಸ ಸೇರಿಸಿ, ಪ್ರತಿ ಕಾಲಮ್ಮಿಗೂ ಮನೆ ಕಟ್ಟಿದ್ದ. ನಡುನಡುವೆ ಹ್ಯಾಶ್ ಗುರುತಿನ ಸಾಲುಗಳಿದ್ದವು. "ಇವೇನು?" ಎಂದೆ. "ಮುಂದೆ ಹ್ಯಾಶ್ ಇದ್ರೆ ಆ ಸಾಲನ್ನ ಮಷೀನ್ ಓದಲ್ಲ. ನೆನಪಿಗೆ ಅಂತ ನಾವೇ ಬರ್ಕೊಳ್ಳೋದು" ಎಂದವನೇ ಪುಟವನ್ನು ಸರ್ರನೆ ಕೆಳಕ್ಕೆ ಓಡಿಸಿದ.

ಮೂರನೇ ದಿನ ನನ್ನ ಕೈಯಲ್ಲಿ ಕೀಬೋರ್ಡು. ನಾನು ಕಡ್ಡಿ ಹಾಕುವುದು ಮರೆತೆ. ಅವನು ತೋರಿಸಲು ಕೈ ಚಾಚಿದ, ನನ್ನ ಬೆರಳಿಗೆ ಒಂದು ಇಂಚು ದೂರದಲ್ಲಿ ನಿಲ್ಲಿಸಿ, "ಅಲ್ಲಿ, ಎಂಟರ್ ಮೇಲಿದೆ" ಎಂದ. ಆ ಒಂದು ಇಂಚಿನ ಸಿಟ್ಟು ನನಗೆ ಸಂಜೆಯವರೆಗೂ ಇಳಿಯಲಿಲ್ಲ.

ಅದೇ ದಿನ ಬೆಳಗ್ಗೆ ಏಳೂಕಾಲಿಗೆ ಹೆಂಗಸರೆಲ್ಲ ಬಂದು ಪಟ್ಟಿಯ ಮುಂದೆ ನಿಂತರು. ಕೊನೆಯಲ್ಲಿ ಬಂದವರು ಶೇಷಮ್ಮ. ರಾಯಚೂರು ಕಡೆಯವರು, ಮೂರು ವರ್ಷದಿಂದ ವಿಮಾನಪುರದ ಕ್ವಾರ್ಟರ್ಸಿನಲ್ಲಿ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುತ್ತಿದ್ದಾರೆ. ಕಣ್ಣಿಗೆ ಪೊರೆ ಬಂದು ಪಟ್ಟಿಗೆ ಮೂಗು ತಾಗಿಸಿ ಓದುತ್ತಾರೆ. ಓದಿ ಮುಗಿಸಿ ಹೊರಟವರು ನಮ್ಮ ಮೇಜಿನ ಹತ್ತಿರ ಬಂದು, ಚೀಲದಿಂದ ಒಂದು ಡಬ್ಬಿ ತೆಗೆದು ಈರೇಶನ ಮುಂದೆ ಇಟ್ಟರು.

"ರೊಟ್ಟಿ ಡಬ್ಬಿ ಮನ್ಯಾಗ ಬಿಟ್ಟು ಬಂದೀದಿ ನೋಡು. ಮಧ್ಯಾಹ್ನ ಏನ್ ತಿಂತಿ?"

ಹೇಳಿದ ಮೇಲೆ ಅವರಿಗೇ ನೆನಪಾಯಿತು. ಸೆರಗನ್ನು ಬಾಯಿಗೆ ಇಟ್ಟುಕೊಂಡರು. ಈರೇಶ ಕಣ್ಣು ಮುಚ್ಚಿದ.

"ಯವ್ವಾ, ಹೇಳಿದ್ದೆನಲ್ಲ."

"ಹೇಳಿದ್ದಿ ಖರೆ, ಡಬ್ಬಿ ಕಂಡ ಕೂಡ್ಲೆ ಮರ್ತುಬಿಟ್ಟೆ" ಎಂದು ಶೇಷಮ್ಮ ಮೆಟ್ಟಿಲಿಳಿದು ಹೋದರು.

ನಾನು ಅವನನ್ನೇ ನೋಡುತ್ತಿದ್ದೆ. "ಎರಡು ವರ್ಷ ಮಾತಾಡಿದ್ದೀವಿ. ನಿಮ್ಮಮ್ಮ ದಿನಾ ನನ್ನೆದುರು ನಿಲ್ತಾರೆ. ಒಂದು ಮಾತು ಹೇಳ್ಲಿಲ್ಲ."

"ಮಗನೇ ಲಿಸ್ಟ್ ತೆಗೀತಾನೆ, ಅದಕ್ಕೇ ಒಳ್ಳೆ ಮನೆ ಸಿಕ್ಕಿದೆ ಅಂತ ಯಾರೂ ಅನ್ಬಾರ್ದು ಮೇಡಂ."

"ನಾನು ಅಂತಿದ್ನಾ?"

ಅವನು ಡಬ್ಬಿಯ ಮುಚ್ಚಳವನ್ನು ಒತ್ತಿ ಒತ್ತಿ ಮುಚ್ಚಿದ. ಇನ್ನೂ ಏನೋ ಇದೆ, ಅದನ್ನು ನುಂಗುತ್ತಿದ್ದಾನೆ ಎಂದು ನನಗೆ ಗೊತ್ತಾಯಿತು. ನನಗೆ ಅಳು ಬರುವಷ್ಟು ಕೋಪ ಬಂತು. ಅವನಿಗೆ ನಾನು ಬರೀ ಮೇಡಂ, ಅವನ ಅಮ್ಮನಿಗೆ ಡ್ಯೂಟಿ ಕೊಡುವವಳು. ಉಳಿದದ್ದೆಲ್ಲ ನಾನೇ ಕಟ್ಟಿಕೊಂಡದ್ದು. ನಾಲ್ಕನೇ ದಿನ ಪಾಠ ಬಿಟ್ಟು ಬೇರೆ ಮಾತಾಡಲಿಲ್ಲ. ಗುರುವಾರದ ಕೊನೆಗೆ ಅವನು ಎದ್ದು ನಿಂತು, "ನಿಮಗೆ ಎಲ್ಲ ಬಂತು. ನಾಳೆ ನೀವೊಬ್ಬರೇ ತೆಗೀರಿ. ನನ್ನ ಕೊನೆ ದಿನ, ಮನೆ ಸಾಮಾನು ಕಟ್ಟೋದಿದೆ" ಎಂದ. ಬಾಗಿಲಲ್ಲಿ ಒಂದು ಕ್ಷಣ ನಿಂತ, ಫೋನಿನಲ್ಲಿ ನಿಲ್ಲುತ್ತಿದ್ದ ಹಾಗೇ. ನಾನು ಪರದೆಯ ಕಡೆ ತಿರುಗಿದೆ.

ಶುಕ್ರವಾರ ಏಳಕ್ಕೆ ಒಬ್ಬಳೇ ಕೂತು ಬರೆದೆ. ಪಟ್ಟಿ ಬಂತು, ಗೆರೆಗಳೆಲ್ಲ ತಮ್ಮ ಜಾಗದಲ್ಲಿದ್ದವು. ಖುಷಿಯಾಗಬೇಕಿತ್ತು. ನಾಳೆಯಿಂದ ಏಳು ಹತ್ತಕ್ಕೆ ಯಾರೂ ಕೇಳುವುದಿಲ್ಲ ಎಂಬುದು ಆಗ ಪೂರ್ತಿ ಅರ್ಥವಾಯಿತು. ಆ ಹೊತ್ತಿಗೆ ಅವನು ಓಡಿಸಿಬಿಟ್ಟಿದ್ದ ಆ ಹ್ಯಾಶ್ ಸಾಲುಗಳು ನೆನಪಾದವು. ಫೈಲ್ ತೆರೆದೆ. ಮೊದಲ ಸಾಲಿನಲ್ಲೇ ನನ್ನ ಹೆಸರಿತ್ತು.

# ಪೂಜಿತಾ ಮೇಡಂ: ಖಾಲಿ ಜಾಗಕ್ಕೆ ಗುರುತು ಬೇಕು. ಬೈದರು. ಸರಿಯಾಗೇ ಬೈದರು.

# ಪೂಜಿತಾ ಮೇಡಂ: ಅಕ್ಷರ ದೊಡ್ಡದಾಗಲಿ. ಯಾಕೆ ಎಂದೆ. ಶೇಷಮ್ಮ ಅಂತ ಒಬ್ಬರಿಗೆ ಕಣ್ಣು ಮಂಜು ಅಂದರು. ಅಮ್ಮನಿಗೆ ಹೇಳಲಿಲ್ಲ.

# ಪೂಜಿತಾ ಮೇಡಂ: ಎರಡನೇ ಪುಟ ವಾಲಿದೆ. ವಾಲಿಲ್ಲ. ಸರಿ ಮಾಡಿದೆ ಎಂದೆ.

# ಎರಡನೇ ಪುಟ ಮತ್ತೆ ವಾಲಿದೆ. ದಿನಾ ವಾಲಲಿ.

# ಇವತ್ತು ಫೋನ್ ಬೇರೆಯವರು ಎತ್ತಿದರು. ಮೇಡಂಗೆ ಜ್ವರವಂತೆ.

ಮಷೀನ್ ಓದದ ಸಾಲುಗಳು ಎರಡು ವರ್ಷದಷ್ಟಿದ್ದವು. ಕೊನೆಗೆ ಇನ್ನೊಂದು ಫೈಲಿನ ಹೆಸರಿತ್ತು. ಹೇಳಿಟ್ಟ ಹೊತ್ತಿಗೆ ತಾನೇ ಕೆಲಸ ಮಾಡಿಸುವ ಅಲಾರಂ ಅದು, ಬೇಕಾದರೆ ಕೊನೆಗೆ ನೋಡಿ ಎಂದು ಅವನೇ ಹೇಳಿದ್ದ. ಅದನ್ನೂ ತೆರೆದೆ. ಒಂದೇ ಒಂದು ಆಜ್ಞೆ: ದಿನಾ ಬೆಳಗ್ಗೆ ಏಳು ಹತ್ತಕ್ಕೆ ಪಟ್ಟಿ ತಯಾರಿಸಿ ಹಲಸೂರಿಗೆ ಕಳಿಸು. ಅದರ ಮುಂದೆ ಒಂದು ಹ್ಯಾಶ್. ಮೇಲೆ ಎರಡು ವರ್ಷದ ಹಿಂದಿನ ತಾರೀಖು, ಲಕ್ಷ್ಮಿದೇವಿ ಗೇಟಿನಲ್ಲಿ ನಿಂತ ವಾರದ್ದೇ.

# ಇದನ್ನು ಓಡಿಸಿದರೆ ಪಟ್ಟಿ ತಾನೇ ಹೋಗುತ್ತದೆ. ಬಂತಾ ಅಂತ ಕೇಳುವ ಕೆಲಸ ಇರುವುದಿಲ್ಲ. ಸದ್ಯಕ್ಕೆ ಬೇಡ.

ಎರಡು ವರ್ಷ ಅವನು ಭಾನುವಾರವೂ ಬಿಡದೆ ಬೆಳಗ್ಗೆ ಎದ್ದು, ಮಷೀನ್ ತಾನೇ ಮಾಡುವ ಕೆಲಸವನ್ನು ಕೈಯಾರೆ ಮಾಡಿದ್ದ. ಏಳು ಹತ್ತಕ್ಕೆ ನಾನೇ ಫೋನ್ ಮಾಡಿದೆ.

"ಬಂತಾ ಮೇಡಂ?" ಎಂದ.

"ಅಲಾರಂ ಫೈಲ್ ನೋಡಿದೆ. ಅಳಿಸೋದು ಮರೆತ್ರಾ, ಬೇಕಂತ ಬಿಟ್ರಾ?"

"ನಾಲ್ಕು ದಿನವೂ ಅಳಿಸೋಕೆ ಹೋದೆ" ಎಂದ. "ಆಗ್ಲಿಲ್ಲ."

"ಬಾಯಲ್ಲಿ ಹೇಳೋಕೆ ಏನಾಗಿತ್ತು?"

"ಹೇಳಿ, ನೀವು ಬೇಡ ಅಂದಿದ್ರೆ? ನಂದು ಬಿಡಿ, ನಾನು ವಿಮಾನಪುರದ ಆಫೀಸಲ್ಲಿರ್ತೀನಿ. ಅಮ್ಮ ದಿನಾ ಬೆಳಗ್ಗೆ ಬಂದು ನಿಮ್ಮ ಮುಂದೆ ನಿಲ್ಬೇಕಲ್ಲ. ನೀವು ಮುಖ ತಿರುಗಿಸಿದ್ರೂ ಕಷ್ಟ, ಪಾಪ ಅಂತ ನೋಡಿದ್ರೂ ಕಷ್ಟ." ಉಸಿರು ಎಳೆದುಕೊಂಡ. "ಇವತ್ತಿನ ಲಿಸ್ಟ್ ಇನ್ನೊಂದು ಸಲ ನೋಡಿ."

ನೋಡಿದೆ. ಲಕ್ಷ್ಮಿದೇವಿ, ಆಮೇಲೆ ಸಾಲೇಹಾ. ಯಾವಾಗಲೂ ಅವರಿಬ್ಬರ ನಡುವೆ ಇರುತ್ತಿದ್ದ ಶೇಷಮ್ಮ ಇರಲಿಲ್ಲ.

"ನಿನ್ನೆಗೆ ಅಮ್ಮನ ಕೆಲಸ ಮುಗೀತು, ಹೆಡ್ ಆಫೀಸಿಗೇ ಹೇಳಿ ಬಿಡಿಸಿದೆ. ಕಣ್ಣಿನ ಆಪರೇಷನ್ ಊರ ಕಡೆನೇ ಮಾಡಿಸ್ತೀನಿ. ಈಗ ನೀವು ಏನ್ ಹೇಳಿದ್ರೂ ಅವಳಿಗೆ ಏನೂ ಆಗಲ್ಲ." ಅವನ ಧ್ವನಿ ಮೊದಲ ಸಲ ಅವಸರದಲ್ಲಿತ್ತು. "ಅದಕ್ಕೇ ಇವತ್ತು ಕೇಳ್ತೀನಿ. ನಂಗೆ ನೀವಂದ್ರೆ ಇಷ್ಟ. ಮೊದಲನೇ ದಿನ ಬೈದಾಗಿನಿಂದ. ನಿಮಗೆ?"

"ಎರಡನೇ ಪುಟ ಯಾವತ್ತೂ ವಾಲಿರ್ಲಿಲ್ಲ ಅಂತ ನಿಮಗೆ ಗೊತ್ತಿತ್ತಲ್ಲ" ಎಂದೆ. ಆಮೇಲೆ, ಕೆಲವು ಮಾತನ್ನು ಬಿಡಿಸಿ ಹೇಳಲೇಬೇಕು ಎನಿಸಿ, "ನಂಗೂ ಇಷ್ಟ ಈರೇಶ. ತುಂಬಾ ದಿನದಿಂದ" ಎಂದೆ.

ಹತ್ತು ಗಂಟೆಗೆ ತಾಯಿ ಮಗ ಇಬ್ಬರೂ ಬಂದರು, ಶೇಷಮ್ಮನ ಐಡಿ ಕಾರ್ಡು ಹಿಂದಿರುಗಿಸಲು. ಕಾರ್ಡು ನನ್ನ ಕೈಗಿಡುತ್ತಾ ಶೇಷಮ್ಮ, "ಮನ್ಯಾಗ ಇವ ಬಾಯಿ ಬಿಡಂಗಿಲ್ಲವ್ವಾ. ದಿನದ ಮಾತೆಲ್ಲಾ ಮುಂಜಾನಿ ಏಳೂ ಹತ್ತಕ್ಕ ಖರ್ಚು ಮಾಡಿಬಿಡ್ತಿದ್ದ. ಯಾರ ಕೂಡ ಅಂತ ನಾ ಕೇಳಲಿಲ್ಲ" ಎಂದು, ಗೋಡೆಯ ಪಟ್ಟಿಯನ್ನು ಓದುವವರಂತೆ ನಮಗೆ ಬೆನ್ನು ಹಾಕಿ ನಿಂತರು. ಆ ಕಣ್ಣಿಗೆ ಆ ದೂರದಿಂದ ಏನೂ ಕಾಣುವುದಿಲ್ಲ ಎಂದು ಮೂವರಿಗೂ ಗೊತ್ತಿತ್ತು.

ನಾನು ಅಲಾರಂ ಫೈಲ್ ತೆರೆದು ಕುರ್ಚಿ ಎಳೆದುಕೊಂಡೆ. "ಕೊನೇ ಪಾಠ" ಎಂದೆ. "ಈ ಹ್ಯಾಶ್ ತೆಗೆಯೋದು ಹೇಗೆ?"

"ತೆಗೆದ್ರೆ ಫೋನ್ ಮಾಡೋಕೆ ಕಾರಣ ಇರಲ್ಲ."

"ಕಾರಣ ಇನ್ನೂ ಬೇಕಾ?"

ಅವನು ನನ್ನನ್ನು ನೋಡಿದ. ಈ ಸಲ ಗೋಡೆಯ ಕಡೆ ತಿರುಗಲಿಲ್ಲ. ಕೈ ಚಾಚಿ ನನ್ನ ಬೆರಳನ್ನು ಹಿಡಿದು ಕೀಯ ಮೇಲಿಟ್ಟ. ಹ್ಯಾಶ್ ಹೋಯಿತು. ಬೆರಳು ಅಲ್ಲೇ ಇತ್ತು. ಸಂಜೆಯ ರೈಲಿಗೆ ಇನ್ನೂ ಹೊತ್ತಿದ್ದರೂ ಸಾಮಾನು ಕಟ್ಟುವುದು ಬಾಕಿ ಎಂದು ಅವರು ಬೇಗ ಹೊರಟರು. ಮೆಟ್ಟಿಲಿಳಿಯುವ ಸದ್ದು ನಿಂತ ಮೇಲೂ ನಾನು ಕೂತೇ ಇದ್ದೆ.

ಸಂಜೆ ಮನೆಯಲ್ಲಿ ಅಜ್ಜಿಯ ಕಾಲ ಹತ್ತಿರ ಕೂತು, "ಇದ್ದಾರೆ ಅಜ್ಜಿ" ಎಂದೆ. ಅಜ್ಜಿ ಬೆಳ್ಳುಳ್ಳಿ ಸುಲಿಯುತ್ತಿದ್ದವರು ತಲೆ ಎತ್ತಲಿಲ್ಲ. "ಮೊದ್ಲೇ ಬೊಗಳಕ್ಕೇನಾಗಿತ್ತು? ನಿಮ್ಮಪ್ಪಂಗೆ ನಾನೇಳ್ತೀನಿ. ಕೆ.ಆರ್. ಪುರದೋರಿಗೆ ಫೋನ್ ಮಾಡ್ಲಿ" ಎಂದರು. ಅಪ್ಪ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಭಾನುವಾರ ಮಾತ್ರ ಯಾರೂ ಬರಲಿಲ್ಲ.

ಶನಿವಾರ, ಭಾನುವಾರ ಪ್ರಯಾಣ, ಹೊಸ ಮನೆ, ನೀರಿನ ಡ್ರಮ್ಮು ಎಂದು ಅವನಿಂದ ಚೂರುಪಾರು ಮೆಸೇಜು ಬಂದವು. ಸೋಮವಾರ ಅವನು ಕೆಲಸಕ್ಕೆ ಸೇರುವ ದಿನ. ಆ ಎರಡು ದಿನದಂತೆ ಅವತ್ತೂ ಏಳು ಹತ್ತಕ್ಕೆ ಸರಿಯಾಗಿ ಪ್ರಿಂಟರ್ ತಾನೇ ಎಚ್ಚರವಾಗಿ ಪಟ್ಟಿಯನ್ನು ಹೊರಗೆ ಹಾಕಿತು. ಗೆರೆಗಳೆಲ್ಲ ತಮ್ಮ ತಮ್ಮ ಜಾಗದಲ್ಲಿದ್ದವು. ಅಂಟಿಸಿದೆ. ಫೋನನ್ನು ಮೇಜಿನ ಮೇಲೆ, ಮುಖ ಮೇಲಾಗಿ ಇಟ್ಟುಕೊಂಡೆ.

ಏಳು ಹನ್ನೊಂದಾಯಿತು. ಏಳು ಹನ್ನೆರಡಾಯಿತು. ಸಾಲೇಹಾ ಬಂದು ತನ್ನ ಸಾಲು ಓದಿಕೊಂಡು ಹೋದಳು. ಲಕ್ಷ್ಮಿದೇವಿ "ಯಾಕೆ ಮೇಡಂ, ಹುಷಾರಿಲ್ವಾ?" ಎಂದಳು. ಹೊಸ ಕೆಲಸ, ಮೊದಲ ದಿನ, ಬಸ್ಸು ಹತ್ತಿರಬೇಕು ಎಂದು ನಾನೇ ನನಗೆ ಸಮಾಧಾನ ಹೇಳಿಕೊಂಡೆ. ಪಟ್ಟಿ ಬಂದಿದೆ ಎಂದು ಅವನಿಗೆ ಗೊತ್ತೇ ಇದೆ, ಇನ್ನು ಕೇಳುವುದೇನು.

ಏಳು ಹದಿನಾಲ್ಕಕ್ಕೆ ಫೋನ್ ಬಂತು.

"ಬಂತಾ?" ಎಂದ. ಮೇಡಂ ಇರಲಿಲ್ಲ.

"ಬಂತು."

"ಸರಿ ಇದೆಯಾ?"

ನಾನು ಗೋಡೆಯ ಕಡೆ ನೋಡಿದೆ. ಮೂವತ್ತೇಳು ಹೆಸರು, ನೆಟ್ಟಗೆ, ಒಂದರ ಕೆಳಗೊಂದು.

"ಎರಡನೇ ಪುಟ ವಾಲಿದೆ ರೀ" ಎಂದೆ.

ಆ ಕಡೆ ಅವನು ನಕ್ಕ. "ಇಲ್ಲಿಂದ ಸರಿಹೋಗಲ್ಲ ಅದು. ಬರೋ ತಿಂಗಳು ಅಮ್ಮನ ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ, ಅವಳನ್ನೂ ಕರ್ಕೊಂಡು ನಿಮ್ಮನೆಗೇ ಬರ್ತೀನಿ."

"ಅಲ್ಲಿವರೆಗೂ?"

"ಅಲ್ಲಿವರೆಗೂ ದಿನಾ ಕೇಳ್ತೀನಿ" ಎಂದ. ಮಾತು ಮುಗಿದಿತ್ತು. ಇಬ್ಬರೂ ಫೋನ್ ಇಡಲಿಲ್ಲ.